ಬಣ್ಣ ಕಳೆದ ಕಾಗದ

ಕಳೆದ ಬೇಸಗೆಯ ರಜೆಯಲ್ಲಿ ಮನೆಗೆ ಬಂದಿದ್ದ ಮೊಮ್ಮಗಳು ನನ್ನ ಮೇಜಿನ ಪಕ್ಕದಲ್ಲಿ ನಿಂತು, ಕಂಪ್ಯೂಟರಿನ ಪರದೆಯನ್ನು ಬಹಳ ಹೊತ್ತು ದಿಟ್ಟಿಸಿ, "ತಾತ, ಇದು ಕೆಟ್ಟುಹೋಗಿದೆಯಾ?" ಎಂದು ಕೇಳಿದಳು. ಇಲ್ಲವೆಂದೆ. "ಮತ್ತೆ ಬಣ್ಣ ಯಾಕೆ ಬರ್ತಾ ಇಲ್ಲ?" ಎಂದಳು. ಬಣ್ಣ ಬಾರದಂತೆ ನಾನೇ ಮಾಡಿಟ್ಟುಕೊಂಡಿದ್ದೇನೆಂದು ಹೇಳಿದಾಗ ಅವಳ ಮುಖದಲ್ಲಿ ಮೂಡಿದ ಕನಿಕರವನ್ನು ನಾನಿನ್ನೂ ಮರೆತಿಲ್ಲ. ಬೆಲ್ಲ ಹಾಕದೆ ಪಾಯಸ ಕುಡಿಯುವವನನ್ನು ಮಕ್ಕಳು ನೋಡುವ ರೀತಿ ಅದು.

ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ನನ್ನದೆಂದು ಹೇಳಿಕೊಳ್ಳಬಹುದಾದ ಜಾಗ ಕಿಟಕಿಯ ಪಕ್ಕದ ಆ ಮೇಜೊಂದೇ. ನಿವೃತ್ತನಾದ ಮೇಲೆ, ಬೆಳಗಿನ ಕಾಫಿಯಾದೊಡನೆ ಅಲ್ಲಿ ಕುಳಿತು ಇ-ಮೇಲ್ ಓದುವುದು ಸಂಧ್ಯಾವಂದನೆಯಷ್ಟೇ ಕ್ರಮವಾಗಿ, ನಿಜ ಹೇಳಬೇಕಾದರೆ ಅದಕ್ಕಿಂತಲೂ ಕ್ರಮವಾಗಿ, ನಡೆದುಬಂದಿದೆ. ಎಲ್ಲರಂತೆ ನಾನು ಅದನ್ನು ಬ್ರೌಸರಿನಲ್ಲಿ ಓದುವುದಿಲ್ಲ. ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ ಓದುತ್ತೇನೆ. ಅಲ್ಲಿ ಚಿತ್ರವಿಲ್ಲ, ಗುಂಡಿಯಿಲ್ಲ, ಮೌಸಿಗೆ ಕೆಲಸವಿಲ್ಲ. ಕಪ್ಪು ಹಲಗೆಯ ಮೇಲೆ ಬಿಳಿಯ ಅಕ್ಷರ, ಅಷ್ಟೆ. ನಾನು ಬಳಸುವ ಪ್ರೋಗ್ರಾಮಿನ ಹೆಸರು ಮಟ್. ಮೈಕೇಲ್ ಎಲ್ಕಿನ್ಸ್ ಎಂಬುವರು 1995ರಲ್ಲಿ ಬರೆದದ್ದು. ಇಂಗ್ಲಿಷಿನಲ್ಲಿ ಆ ಮಾತಿಗೆ ಕಂತ್ರಿ ನಾಯಿ ಎಂದು ಅರ್ಥ. ನಮ್ಮ ಉಡುಪಿಯ ಮಠಗಳನ್ನು ಇಂಗ್ಲಿಷಿನಲ್ಲಿ ಬರೆಯುವವರು ಅನೇಕ ವೇಳೆ ಬಳಸುವುದೂ ಇದೇ ಕಾಗುಣಿತ. ಆದ್ದರಿಂದ ನಮ್ಮಾಕೆ, ಯಾರಾದರೂ ಬೆಳಗ್ಗೆ ಫೋನು ಮಾಡಿದರೆ, "ಅವರು ಮಠದಲ್ಲಿದ್ದಾರೆ, ಒಂಬತ್ತಕ್ಕೆ ಬರ್ತಾರೆ" ಎಂದುಬಿಡುತ್ತಾಳೆ.

ಈ ವೈರಾಗ್ಯ ನನಗೆ ಹೇಗೆ ಬಂತೆಂದು ತಿಳಿಯಬೇಕಾದರೆ ಇಂದಿನ ಇ-ಮೇಲಿನ ಒಳಗುಟ್ಟನ್ನು ಸ್ವಲ್ಪ ಹೇಳಬೇಕು. ಮೊದಮೊದಲು ಇ-ಮೇಲ್ ಎಂದರೆ ಬರಿಯ ಅಕ್ಷರ, ಅದೂ ಇಂಗ್ಲಿಷ್ ಅಕ್ಷರ. 1992ರಲ್ಲಿ ನಥಾನಿಯಲ್ ಬೊರೆನ್‌ಸ್ಟೀನ್ ಮತ್ತು ನೆಡ್ ಫ್ರೀಡ್ ಎಂಬಿಬ್ಬರು ಮೈಮ್ ಎಂಬ ಕಟ್ಟಳೆಯನ್ನು ಬರೆದ ಮೇಲೆ ಅದರಲ್ಲಿ ಚಿತ್ರ, ಧ್ವನಿ, ಬೇರೆ ಭಾಷೆಗಳ ಲಿಪಿ ಎಲ್ಲಕ್ಕೂ ದಾರಿಯಾಯಿತು. ಆಮೇಲೆ ಬಂದದ್ದು ಎಚ್‌ಟಿಎಂಎಲ್ ಉಡುಪು. ಈ ಸಾಲು ಕೆಂಪಗಿರಲಿ, ಇದು ದಪ್ಪಗಿರಲಿ, ಇಲ್ಲೊಂದು ಹೂವಿನ ಚಿತ್ರ ಬರಲಿ ಎಂದು ಗುರುತು ಹಾಕುವ ಭಾಷೆ ಅದು. ಆ ಕಟ್ಟಳೆಯಲ್ಲಿ ನನಗೆ ಬಹಳ ಮೆಚ್ಚಿಕೆಯಾದ ಒಂದು ಸಂಗತಿಯುಂಟು. ಒಂದೇ ಕಾಗದವನ್ನು ಎರಡು ಪ್ರತಿಗಳಾಗಿ ಒಂದೇ ಲಕೋಟೆಯಲ್ಲಿ ಇಡಬಹುದು. ಸಾದಾ ಪ್ರತಿ ಮೊದಲು, ಅಲಂಕಾರದ ಪ್ರತಿ ಕೊನೆಗೆ. ಓದಿಸುವ ಯಂತ್ರ ತನಗೆ ಅರ್ಥವಾಗುವವುಗಳಲ್ಲಿ ಕೊನೆಯದನ್ನು ಎತ್ತಿ ತೋರಿಸಬೇಕು. ಬಡವನ ಯಂತ್ರಕ್ಕೂ ಅನ್ನ, ಸಿರಿವಂತನ ಯಂತ್ರಕ್ಕೆ ಪರಮಾನ್ನ! ನಾನು ಮಾಡಿಕೊಂಡಿರುವುದು ಇಷ್ಟೆ: ಎರಡೂ ಇದ್ದರೆ ನನಗೆ ಸಾದಾ ಪ್ರತಿಯೇ ಸಾಕೆಂದು ಒಂದು ಸಾಲು ಬರೆದಿಟ್ಟಿದ್ದೇನೆ. ಸಾದಾ ಪ್ರತಿಯೇ ಇಲ್ಲದಿದ್ದರೆ, ಜಪಾನಿನ ಅಕಿನೋರಿ ಇಟೊ ಎಂಬುವರು ಬರೆದ ಡಬ್ಲ್ಯು-ತ್ರೀ-ಎಂ ಎಂಬ ಪುಟ್ಟ ಪ್ರೋಗ್ರಾಮು ಅಲಂಕಾರದ ಪ್ರತಿಯ ಬಟ್ಟೆಬರೆಗಳನ್ನೆಲ್ಲ ಕಳಚಿ, ಮಾತುಗಳನ್ನಷ್ಟೇ ನನ್ನ ಮುಂದಿಡುತ್ತದೆ.

ಹೀಗೆ ಕಳಚಿದ ಮೇಲೆ ಕೆಲವು ಕಾಗದಗಳಲ್ಲಿ ಏನೂ ಉಳಿಯುವುದಿಲ್ಲವೆಂಬುದನ್ನು ನಾನು ಮೊದಲು ಕಂಡಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅಂಗಡಿಯವರ ಕಾಗದಗಳನ್ನೇ ನೋಡಿ. ಬಣ್ಣದ ಕಿಟಕಿಯಲ್ಲಿ ತೇರಿನಂತೆ ಬರುವ ಅವು ನನ್ನ ಕಪ್ಪು ಕಿಟಕಿಗೆ ಬಂದೊಡನೆ ರಿಯಾಯಿತಿ, ರಿಯಾಯಿತಿ, ಇಂದೇ ಕೊನೆ, ರಿಯಾಯಿತಿ ಎಂದು ತೊದಲಿ, ಕೆಳಗೆ ನಲವತ್ತು ಕೊಂಡಿಗಳ ಬಾಲವನ್ನು ಎಳೆದುಕೊಂಡು ಸುಮ್ಮನಾಗುತ್ತವೆ. ಅವುಗಳಲ್ಲಿ ಎಷ್ಟೋ ಕಾಗದಗಳ ಹೊಟ್ಟೆಯಲ್ಲಿ ಒಂದು ಚುಕ್ಕೆ ಅಗಲ, ಒಂದು ಚುಕ್ಕೆ ಎತ್ತರದ ಚಿತ್ರವೊಂದಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಕಾಗದ ತೆರೆದೊಡನೆ ಯಂತ್ರ ಆ ಚುಕ್ಕೆಯನ್ನು ತರಲು ಅಂಗಡಿಯವನ ಸರ್ವರಿಗೆ ಹೋಗುತ್ತದೆ. ಹೋದದ್ದೇ ತಡ, ಇಂಥವರು ಇಷ್ಟು ಹೊತ್ತಿಗೆ ಕಾಗದ ತೆರೆದರು ಎಂದು ಅಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ನನ್ನ ಕಿಟಕಿ ಚಿತ್ರ ತರಲು ಹೋಗುವುದೇ ಇಲ್ಲವಾದ್ದರಿಂದ ಆ ಗೂಢಚಾರನಿಗೆ ನಮ್ಮ ಮನೆಯಲ್ಲಿ ಕೆಲಸವಿಲ್ಲ. 2018ರಲ್ಲಿ ಜರ್ಮನಿ ಮತ್ತು ಬೆಲ್ಜಿಯಮ್ಮಿನ ಕೆಲವು ಸಂಶೋಧಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗುಪ್ತಲಿಪಿಯಲ್ಲಿ ಬೀಗ ಹಾಕಿ ಕಳಿಸಿದ ಕಾಗದದ ಒಳಮಾತನ್ನು ಕೂಡ ಇಂಥದೇ ಚಿತ್ರದ ನೆಪದಿಂದ ಹೊರಗೆ ಸಾಗಿಸಬಹುದೆಂದು ತೋರಿಸಿಕೊಟ್ಟರು. ಈಫೇಲ್ ಎಂದು ಅದಕ್ಕೆ ಹೆಸರು. ಆಗ ನಾನು ಒಂದು ವಾರ ಮನೆಯಲ್ಲಿ ಎದೆಯುಬ್ಬಿಸಿಕೊಂಡು ಓಡಾಡಿದೆ. ಯಾರೂ ಗಮನಿಸಲಿಲ್ಲ.

ಗಮನಿಸಿದ್ದು 2021ರಲ್ಲಿ. ಒಂದು ಸಂಜೆ ನಮ್ಮಾಕೆ ಚಪಾತಿ ಹಿಟ್ಟಿನ ಕೈಯನ್ನು ಮೇಲೆತ್ತಿಕೊಂಡು ಓಡಿಬಂದಳು. "ರೀ, ಬ್ಯಾಂಕಿನವರು ಇವತ್ತು ರಾತ್ರಿ ಖಾತೆ ಮುಚ್ಚುತ್ತಾರಂತೆ! ಗುರುತಿನ ಚೀಟಿ ಮತ್ತೆ ಕೊಡಬೇಕಂತೆ. ಕೈ ತೊಳೆದು ಬರ್ತೀನಿ, ಈ ನೀಲಿ ಗುಂಡಿ ಒತ್ತೋದು ತಾನೆ?" ನಮ್ಮ ಜೀವಮಾನದ ಉಳಿತಾಯವೆಲ್ಲ ಇರುವುದು ಅಲ್ಲಿ. ಅವಳ ಫೋನಿನಲ್ಲಿ ಬ್ಯಾಂಕಿನ ಮುದ್ರೆ, ಬ್ಯಾಂಕಿನ ಬಣ್ಣ, ಕೆಳಗೆ ವ್ಯವಸ್ಥಾಪಕರ ರುಜು, ಎಲ್ಲವೂ ಇದ್ದವು. ಜಂಟಿ ಖಾತೆಯಾದ್ದರಿಂದಲೋ ಏನೋ ಅದೇ ಕಾಗದ ನನಗೂ ಬಂದಿತ್ತು. ಕಪ್ಪು ಕಿಟಕಿಯಲ್ಲಿ ತೆರೆದು ನೋಡಿದೆವು. ಮುದ್ರೆ ಹೋಯಿತು, ಬಣ್ಣ ಹೋಯಿತು, ರುಜು ಹೋಯಿತು. ಗುಂಡಿಯ ಮೇಲೆ ಬರೆದದ್ದು ಬ್ಯಾಂಕಿನ ವಿಳಾಸ. ಕೆಳಗಿನ ಕೊಂಡಿಗಳ ಪಟ್ಟಿಯಲ್ಲಿ ಅದು ನಿಜವಾಗಿ ಕರೆದೊಯ್ಯುವ ವಿಳಾಸ ಯಾವುದೋ ಹೂವಿನ ಕುಂಡ ಮಾರುವವರದು. ಅವಳು ಅದನ್ನು ಎರಡು ಸಲ ಓದಿ, "ಮಠಕ್ಕೆ ಹೋಗೋದು ದಂಡವಾಗಲಿಲ್ಲ ಬಿಡಿ" ಎಂದು ಒಳಗೆ ಹೋದಳು. ನಲವತ್ತು ವರ್ಷದ ದಾಂಪತ್ಯದಲ್ಲಿ ನನಗೆ ದೊರೆತ ದೊಡ್ಡ ಪ್ರಶಸ್ತಿ ಅದು.

ತೊಂದರೆಗಳಿಲ್ಲವೆಂದಲ್ಲ. ಕೆಲವರು ಸಾದಾ ಪ್ರತಿಯ ಜಾಗದಲ್ಲಿ, "ನಿಮ್ಮ ಯಂತ್ರಕ್ಕೆ ಈ ಕಾಗದ ಕಾಣದು, ಬ್ರೌಸರಿನಲ್ಲಿ ನೋಡಿ" ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಊಟಕ್ಕೆ ಕರೆದು, ನಿಮ್ಮ ಎಲೆ ಪಕ್ಕದ ಬೀದಿಯ ಹೋಟೆಲಿನಲ್ಲಿದೆ ಎಂದ ಹಾಗೆ. ಇನ್ನು ಕೆಲವರು ಇಡೀ ಕಾಗದವನ್ನೇ ಒಂದು ಚಿತ್ರ ಮಾಡಿ ಕಳಿಸುತ್ತಾರೆ. ನಮ್ಮ ಸಂಘದ ರಾಜ್ಯೋತ್ಸವದ ಆಮಂತ್ರಣವೂ, ಸಂಪಾದಕರು ಈ ಸಾಲನ್ನು ಹೊಡೆದುಹಾಕದಿದ್ದರೆ ಹೇಳುತ್ತೇನೆ, ನನ್ನ ಕಿಟಕಿಯಲ್ಲಿ ಚೌಕ ಕಂಸದೊಳಗಿನ ಒಂದು ಕಡತದ ಹೆಸರಾಗಿ ಮಾತ್ರ ಬಂದಿತ್ತು. ಕನ್ನಡದ ಗೋಳಂತೂ ಬೇರೆಯೇ. ಟರ್ಮಿನಲ್ಲು ಚೌಕಳಿ ಹಾಳೆಯ ಹಾಗೆ. ಒಂದೊಂದು ಮನೆಗೆ ಒಂದೊಂದು ಅಕ್ಷರ ಎಂದು ಅದರ ಲೆಕ್ಕ. ನಮ್ಮ ಅಕ್ಷರಗಳೋ ಒಂದರ ಕಾಲಿಗೊಂದು ಜೋತುಬೀಳುವ ಅವಿಭಕ್ತ ಕುಟುಂಬ. ಆದ್ದರಿಂದ ನನ್ನ ಯಂತ್ರದಲ್ಲಿ 'ಅಕ್ಕ' ಎಂಬುದು 'ಅಕ್‌ಕ' ಎಂದು ಬಿಕ್ಕಳಿಸುತ್ತದೆ. 'ಕ್ಷೇಮ' 'ಕ್‌ಷೇಮ'ವಾಗುತ್ತದೆ. ದಾರಿಯಲ್ಲಿ ಅವು ಪಡುವ ಪಾಡನ್ನು ನೆನೆದರೆ ಇಷ್ಟಾದರೂ ತಲುಪಿತಲ್ಲ ಎನ್ನಿಸುತ್ತದೆ. ಹಳೆಯ ಇಂಗ್ಲಿಷ್ ಅಂಚೆದಾರಿಗೆ ತಕ್ಕಂತೆ ಮಡಿಸುವ ಒಂದು ವಿಧಾನದಲ್ಲಿ, ನಮ್ಮ ಒಂದು 'ಕ'ಕಾರ ಒಂಬತ್ತು ಇಂಗ್ಲಿಷ್ ಗುರುತುಗಳಾಗಿ ಪ್ರಯಾಣ ಮಾಡಬೇಕು.

ನನ್ನನ್ನು ಈ ಮಠಕ್ಕೆ ಸೇರಿಸಿದವರು ರಾಯರು. ಇಲ್ಲಿಯ ಕಚೇರಿಯ ಕಂಪ್ಯೂಟರ್ ವಿಭಾಗದಲ್ಲಿ ಎಂಟು ವರ್ಷ ಒಂದೇ ಮೇಜಿನ ಎರಡು ಬದಿಯಲ್ಲಿ ಕೂತವರು ನಾವು. 1996ರಲ್ಲಿ ಅವರಿಗೆ ದೆಹಲಿಗೆ ವರ್ಗವಾಯಿತು. ಅಂದಿನಿಂದ ತಿಂಗಳಿಗೊಂದು ಕಾಗದ, ತಪ್ಪದೆ. ಮೊದಲ ಹತ್ತು ವರ್ಷ ಕನ್ನಡವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದೆವು. ಟ-ಡ-ಣ-ಳಗಳಿಗೆ ದೊಡ್ಡಕ್ಷರ, ತ-ದ-ನ-ಲಗಳಿಗೆ ಚಿಕ್ಕಕ್ಷರ. 2006ರಿಂದ ಕನ್ನಡ ಲಿಪಿಯಲ್ಲೇ. ಸಾಲಿಗೆ ಎಪ್ಪತ್ತೆರಡು ಅಕ್ಷರ ಮೀರಬಾರದೆಂಬ ಹಳಬರ ನಿಯಮವನ್ನು ಅವರು ಆಚಾರದಂತೆ ಪಾಲಿಸುತ್ತಿದ್ದರು. "ಉಭಯಕುಶಲೋಪರಿ" ಎಂದು ಮೊದಲಿಟ್ಟು ದೆಹಲಿಯ ಚಳಿ, ಮೊಣಕಾಲು ನೋವು, ಮಗನ ಓದು, ಕರೋಲ್ ಬಾಗಿನಲ್ಲಿ ಸಿಕ್ಕ ಕಾಫಿಪುಡಿ ಎಲ್ಲವನ್ನೂ ಬರೆಯುತ್ತಿದ್ದರು.

2023ರ ನವೆಂಬರಿನಲ್ಲಿ ಬಂದ ಕಾಗದಕ್ಕೆ ನಾನು ಉತ್ತರ ಬರೆದೆ. ಡಿಸೆಂಬರಿನಲ್ಲಿ ಅವರ ಕಾಗದ ಬರಲಿಲ್ಲ. ಸಂಕ್ರಾಂತಿಗೂ ಬರಲಿಲ್ಲ. ಮಗನ ಬಳಿ ಅಮೆರಿಕಕ್ಕೆ ಹೋಗಿರಬಹುದೆಂದುಕೊಂಡೆ, ಹೋಗುವ ಮಾತಿತ್ತು. ಫೋನು ಮಾಡುವ ಅಭ್ಯಾಸ ನಮ್ಮಿಬ್ಬರಿಗೂ ಇರಲಿಲ್ಲ. ಏಪ್ರಿಲಿನಲ್ಲಿ ಯುಗಾದಿಯ ದಿನ, "ಏನಯ್ಯಾ, ಬೇವು ಮಾತ್ರ ನನಗೆ, ಬೆಲ್ಲವೆಲ್ಲ ನಿನಗೋ?" ಎಂದು ಜಗಳವಾಡಿ ಬರೆದೆ. ವಾರ ಕಳೆದು ಉತ್ತರ ಬಂತು, ಇಂಗ್ಲಿಷಿನಲ್ಲಿ. ಬರೆದವನು ಮಗ. ಅಪ್ಪ ಡಿಸೆಂಬರಿನಲ್ಲೇ ತೀರಿಕೊಂಡರು, ಅವರ ವಿಳಾಸಪಟ್ಟಿಯಲ್ಲಿದ್ದ ಎಲ್ಲರಿಗೂ ಆಗಲೇ ತಿಳಿಸಿದ್ದೆ, ನಿಮಗೆ ತಲುಪಲಿಲ್ಲವೇ ಎಂದು ವಿನಯವಾಗಿ ಕೇಳಿದ್ದ.

ತಲುಪಿತ್ತು. ಅಳಿಸಿದ ಕಾಗದಗಳ ಕಡತವನ್ನು ಹುಡುಕಿದಾಗ ಸಿಕ್ಕಿತು. ಗುರುತಿಲ್ಲದ ವಿಳಾಸ, ವಿಷಯದ ಜಾಗದಲ್ಲಿ 'ನೋಟೀಸ್' ಎಂಬ ಒಂದೇ ಮಾತು, ಒಳಗೆ ಚೌಕ ಕಂಸದಲ್ಲಿ ಒಂದು ಚಿತ್ರದ ಕಡತದ ಹೆಸರು. ಇದೂ ಒಂದು ರಿಯಾಯಿತಿಯೆಂದು ನಾನು 'ಡಿ' ಒತ್ತಿ ಮುಂದೆ ಹೋಗಿದ್ದೆ. ಈಗ 'ವಿ' ಒತ್ತಿ ಆ ಚಿತ್ರವನ್ನು ಹೊರಗೆ ತೆಗೆದೆ. ಬಿಳಿಯ ಹೂಗಳು, ನಡುವೆ ರಾಯರ ಭಾವಚಿತ್ರ, ಸುತ್ತ ಕಪ್ಪು ಅಂಚು, ಕೆಳಗೆ ಹದಿಮೂರನೆಯ ದಿನದ ವಿವರ.

ಆ ಕಪ್ಪು ಅಂಚನ್ನು ನೋಡುತ್ತಿದ್ದಂತೆ ಹಾಸನದ ಕಡೆಯ ನಮ್ಮ ಹಳ್ಳಿಯ ಮನೆಯ ಜಗಲಿ ನೆನಪಿಗೆ ಬಂತು. ಅಂಚೆಯವನು ಕಾರ್ಡು ಹಿಡಿದು ಬಂದರೆ ನಮ್ಮಜ್ಜಿ ದೂರದಿಂದಲೇ ಮೂಲೆಗಳನ್ನು ನೋಡುತ್ತಿದ್ದಳು. ಮೂಲೆಗೆ ಅರಿಸಿನ ಹಚ್ಚಿದ್ದರೆ, "ಯಾರ ಮನೇದೋ ಮದುವೆ?" ಎಂದು ನಗುತ್ತ ಎದ್ದುಬರುವಳು. ಅಂಚಿಗೆ ಮಸಿ ಬಳಿದಿದ್ದರೆ, ಅಥವಾ ಮೂಲೆ ಹರಿದಿದ್ದರೆ, ಅಂಗಳದಲ್ಲೇ ನಿಲ್ಲೆಂದು ಕೈಮಾಡಿ, ಅಪ್ಪ ಓದಿ ಹೇಳುವ ಮೊದಲೇ ಸೆರಗು ಬಾಯಿಗೆ ಒತ್ತಿಕೊಳ್ಳುವಳು. ಅಂಥ ಕಾರ್ಡನ್ನು ಒಳಗೆ ತರುವಂತಿರಲಿಲ್ಲ. ಹೊರಗೇ ಓದಿ ಹರಿದು ಹಾಕುತ್ತಿದ್ದರು. ಅಜ್ಜಿಗೆ ಒಂದಕ್ಷರ ಬರುತ್ತಿರಲಿಲ್ಲ. ರಾಯರ ಮಗನಿಗೆ ನಮ್ಮ ಕಾರ್ಡುಗಳ ವಿಷಯ ಗೊತ್ತಿರಲಾರದು. ಆದರೂ ಮಸಿ ಬಳಿದೇ ಕಳಿಸಿದ್ದ. ಮಸಿಯನ್ನು ಒರೆಸಿ ಓದುವ ಯಂತ್ರವನ್ನು ಇಟ್ಟುಕೊಂಡವನು ನಾನು.

ಅವನಿಗೆ ಉದ್ದವಾಗಿ ಬರೆದೆ. ಸಂಗತಿಯನ್ನು ಮುಚ್ಚಿಡಲಿಲ್ಲ. ಅವನು ನಕ್ಕುಬಿಟ್ಟನೆಂದು ಕಾಣುತ್ತದೆ. ಅಪ್ಪನೂ ತಾನು ಕಳಿಸಿದ ಫೋಟೋಗಳನ್ನು ತಿಂಗಳುಗಟ್ಟಲೆ ನೋಡುತ್ತಿರಲಿಲ್ಲವೆಂದು ಬರೆದ. ಅಪ್ಪನ ಕಂಪ್ಯೂಟರಿನಲ್ಲಿ ನಿಮ್ಮಿಬ್ಬರ ಕಾಗದಗಳೆಲ್ಲ ಒಂದೇ ಕಡತದಲ್ಲಿ ಇವೆ, ಇಪ್ಪತ್ತೇಳು ವರ್ಷದವು, ಯಾವ ಪ್ರೋಗ್ರಾಮಿನಲ್ಲಿ ತೆರೆದರೂ ತೆರೆಯುತ್ತವೆ, ಆದರೆ ತನಗೆ ಅರ್ಥವಾಗುವುದಿಲ್ಲವೆಂದೂ ಬರೆದ. ದೆಹಲಿಯಲ್ಲಿ ಹುಟ್ಟಿ ಬೆಳೆದ ಹುಡುಗ. "ಊಟ ಆಯ್ತಾ", "ಬೇಗ ಬಾ" ಇಷ್ಟರ ಆಚೆ ಅವನ ಕನ್ನಡ ಹೋಗಿರಲಿಲ್ಲ.

ಈಗ ಭಾನುವಾರ ಬೆಳಗ್ಗೆ ಅವನು ಅಲ್ಲಿಂದ ಫೋನು ಮಾಡುತ್ತಾನೆ. ಅಲ್ಲಿ ಅವನಿಗೆ ಶನಿವಾರ ರಾತ್ರಿ. ಇಂಗ್ಲಿಷ್ ಲಿಪಿಯ ಹಳೆಯ ಕಾಗದಗಳನ್ನು ಅವನೇ ಗಟ್ಟಿಯಾಗಿ ಓದುತ್ತಾನೆ, ನಾನು ಅರ್ಥ ಹೇಳುತ್ತೇನೆ. ದೊಡ್ಡಕ್ಷರ, ಚಿಕ್ಕಕ್ಷರದ ಭೇದ ಅವನಿಗೆ ಮೊದಲು ತಿಳಿಯದೆ, "ಅಪ್ಪ ಹಲ್ಲಿಗೆ ಹೋಗಿದ್ದೆ" ಎಂದು ಓದಿದ. ಹಲ್ಲಿಯಲ್ಲಪ್ಪಾ, ಹಳ್ಳಿ ಎಂದು ತಿದ್ದಿದೆ. ನಮ್ಮಾಕೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಾಳೆ. ಅವನ ಧ್ವನಿ ಅಪ್ಪನದೇ ಅಂತೆ.

ಕಾಗದ ಅಳಿಸುವ ಮೊದಲು ಈಗ ನಾನು ಒಮ್ಮೆ 'ವಿ' ಒತ್ತಿ ನೋಡುತ್ತೇನೆ. ಬೆಳಗಿನ ಕೆಲಸ ಅರ್ಧ ಗಂಟೆ ಹೆಚ್ಚಾಗಿದೆ. ಕಂಡದ್ದು ಹೆಚ್ಚಾಗಿ ಅಂಗಡಿಯವರ ಸೀರೆಗಳೇ.

ಹೋದ ಭಾನುವಾರ 2006ಕ್ಕೆ ಬಂದೆವು. ಅವನು ಓದುತ್ತ ಓದುತ್ತ ನಿಲ್ಲಿಸಿದ. "ಅಂಕಲ್, ಇಲ್ಲಿಂದ ಮುಂದೆ ಎಲ್ಲ ಕನ್ನಡ ಅಕ್ಷರ. ಇನ್ನು ನೀವೇ ಓದಬೇಕು" ಎಂದ. ನಾನು ಅದೇ ಕಾಗದವನ್ನು ನನ್ನ ಕಿಟಕಿಯಲ್ಲಿ ತೆರೆದೆ. ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಂತಿದ್ದವು. ಒಂದು ನಿಮಿಷ ಇರು ಎಂದು ಹೇಳಿ, ಬ್ರೌಸರನ್ನು ತೆರೆದು, ಅಕ್ಷರವನ್ನು ಸ್ವಲ್ಪ ದೊಡ್ಡದು ಮಾಡಿಕೊಂಡು, ಕನ್ನಡಕ ಒರೆಸಿ, "ಉಭಯಕುಶಲೋಪರಿ" ಎಂದು ಶುರುಮಾಡಿದೆ. "ಹಾಗಂದರೆ ಏನು, ಅಂಕಲ್?" ಎಂದ.