ಅತ್ತಿ ಉಣ್ಣೂದು ಬಿಟ್ಟಾಗ

ಹೋದ ವರ್ಷ ಶ್ರಾವಣದಾಗ ನಮ್ಮತ್ತಿಯವರು ನನ್ನ ಅಡಿಗಿಗೆ ಹೆಸರಿಡ್ಲಿಕ್ಕೆ ಸುರು ಮಾಡಿದ್ರು. 22 ವರ್ಷ ಬಾಯಿ ಚಪ್ಪರಿಸಿ ಉಂಡ ಕಟ್ಟಿನ ಸಾರು ಒಮ್ಮೆಲೆ "ಹಿತ್ತಾಳಿ ನೆಕ್ಕಿಧಾಂಗ ಆಗ್ತದವಾ" ಅಂತ ತಾಟು ಸರಿಸೋರು. ಸಿಟ್ಟು ಬರದ ಇರ್ತದೇನ್ರಿ? ಮಗಳ ಮನಿಗೆ ಹೋಗಿ ಬಂದಾಗಿಂದ ಹಿಂಗ ಮಾಡ್ಲಿಕತ್ತಾರ ಅಂತ ಅವ್ವಗ ಫೋನ್ ಹಚ್ಚಿ ಅಂದೂ ಬಿಟ್ಟೆ.

ಆ ಸಿಟ್ಟಿನಾಗ ಬ್ಯಾರೆ ಏನೂ ನನ್ನ ಕಣ್ಣಿಗೆ ಬೀಳಲಿಲ್ಲ. ಹಗಲೆಲ್ಲಾ ತೂಕಡಿಸೋರು, ರಾತ್ರಿ ನಿದ್ದಿ ಇಲ್ಲದ ಮೈ ತುರಿಸ್ಕೋತ ಕೂಡೋರು. ಮುಂಜಾನೆ ಓಕರಿಕಿ. ಬಾಯಿಂದ ಒಂಥರಾ ಘಾಟು ವಾಸನಿ. ಪಿತ್ತ ಅಂತ ಶುಂಠಿ ಕಷಾಯ ಕೊಟ್ವಿ. ಮತ್ತ ನಾವು ಖುಷಿಪಟ್ಟ ಸಂಗತಿನೂ ಒಂದದ. 18 ವರ್ಷದ ಸಕ್ರಿ ಬ್ಯಾನಿ ಅವರದು, ಇನ್ಸುಲಿನ್ ತಗೋತಾರ. ಆ ಸಕ್ರಿ ತಾನ ಇಳಿಲಿಕ್ಕೆ ಹತ್ತಿತು. ನಾನು ಕೊಟ್ಟ ಮೆಂತ್ಯಾ ನೀರಿನ ಗುಣ ಅಂತ ಓಣಿ ತುಂಬ ಹೇಳ್ಕೊಂಡು ಬಂದೆ. ನಿಮ್ಮೊಳಗ ನಾಕು ಮಂದಿಗೆ ನೆನಪಿರಬೇಕು.

ಒಂದಿನ ಮಧ್ಯಾಹ್ನ ನನ್ನನ್ನ ಅವರ ತೀರಿಹೋದ ತಂಗಿ ಹೆಸರಿಂದ ಕರೆದ್ರು. ಅವತ್ತ ದವಾಖಾನಿಗೆ ಕರಕೊಂಡು ಓಡಿದ್ವಿ.

ಕ್ರಿಯಾಟಿನಿನ್ 9.4 ಬಂತು. ನಮ್ಮಂಥವರಿಗೆ ಒಂದರ ಆಜುಬಾಜು ಇರ್ತದ. ಕಿಡ್ನಿ ಎಷ್ಟು ಸೋಸ್ತದ ಅನ್ನೋ ಲೆಕ್ಕ 15ಕ್ಕಿಂತ ಕೆಳಗ ಬಂದ್ರ ಕಡೀ ಹಂತ ಅಂತ, ಅತ್ತಿಯವರದು 4. "ಇದಕ್ಕ ಯುರೇಮಿಯಾ ಅಂತಾರ" ಅಂದ್ರು ಡಾಕ್ಟರ್. ಉಂಡದ್ದು ಕರಗಿದ ಮ್ಯಾಲೆ ಉಳಿಯೋ ಯೂರಿಯಾ, ಇನ್ನೂ ಎಷ್ಟೋ ಹೊಲಸು ರಕ್ತದಾಗ ನಿಂತುಬಿಡ್ತದ. ಬಾಯಿ ರುಚಿ ಕೆಡೋದು, ತುರಿಕಿ, ಮರವು ಎಲ್ಲಾ ಅದರಿಂದನ. "ಒಂದಕ್ಕ ಬರೋಬ್ಬರಿ ಹೋಗ್ತಾರಲ್ರಿ?" ಅಂದ್ರು ನಮ್ಮವರು. "ನೀರು ಹೋಗ್ತದ, ಹೊಲಸು ಹೋಗೂದಿಲ್ಲ" ಅಂದ್ರು. ಸಕ್ರಿ ಇಳಿದದ್ದೂ ಮೆಂತ್ಯಾದಿಂದಲ್ಲ. ಇನ್ಸುಲಿನ್ ಕರಗಿಸೋದ್ರಾಗ ಕಿಡ್ನಿದೂ ಪಾಲದ. ಅದು ಸೋತ್ರ ಇನ್ಸುಲಿನ್ ಮೈಯಾಗ ಹೆಚ್ಚು ಹೊತ್ತು ಉಳೀತದ.

ಆಮ್ಯಾಲೆ ಕೇಳಿದ್ರು, "ಏನೇನು ಕೊಡ್ತಿದ್ರಿ?" ಮೊಣಕಾಲಿಗೆ ಅಂತ ಔಷಧ ಅಂಗಡಿಂದ ನಾನ ತಂದುಕೊಡ್ತಿದ್ದ ನೋವಿನ ಗುಳಗಿ. ಅವೂ ಕಿಡ್ನಿಗೆ ಕೆಟ್ಟವಂತ. ನಿಶ್ಶಕ್ತಿ ಅಂತ ದಿನಾ ಒಂದು ಎಳನೀರು. ಅದರಾಗ ಪೊಟ್ಯಾಸಿಯಂ ಭಾಳ, ಕೆಟ್ಟ ಕಿಡ್ನಿ ಅದನ್ನ ಹೊರಗ ಹಾಕೂದಿಲ್ಲ, ಏರಿದ್ರ ಎದಿ ಬಡತನ ನಿಲ್ಲಬಹುದು. ಪ್ರೀತಿಲೆ ಕೊಟ್ಟದ್ದು ನೋಡ್ರಿ. ಆ ರಾತ್ರಿ ಬಚ್ಚಲಮನ್ಯಾಗ ಕೂತು ಅತ್ತೆ. ಸಕ್ರಿ, ಬಿ.ಪಿ. ಇದ್ದವರು ವರ್ಷಕ್ಕೊಮ್ಮೆ ಕ್ರಿಯಾಟಿನಿನ್ನು, ಮೂತ್ರದಾಗಿನ ಪ್ರೋಟೀನು ನೋಡಿಸ್ಬೇಕಂತ. ನಾವು ಬರೇ ಸಕ್ರಿ ನೋಡಿಸ್ಕೋತ ಬಂದಿದ್ವಿ.

ಈಗ ವಾರಕ್ಕ 3 ಸಲ, ಸಲಕ್ಕ 4 ತಾಸು ಡಯಾಲಿಸಿಸ್. ಎಡಗೈಯಾಗ ಫಿಸ್ಟುಲಾ ಮಾಡ್ಯಾರ. ಆ ಕೈಗೆ ಬಿ.ಪಿ. ಪಟ್ಟಿ ಕಟ್ಟಂಗಿಲ್ಲ, ಬಿಗಿ ಪಾಟ್ಲಿ ಹಾಕಂಗಿಲ್ಲ. ಎರಡೂ ಪಾಟ್ಲಿ ಬಲಗೈಗೆ ಏರಿಸ್ಕೊಂಡಾರ.

ತಿಂಗಳಾದ ಮ್ಯಾಲೆ ಹಸಿವು ಬಂತು. ಬಟಾಟಿ ಹೆಚ್ಚಿ, ಭಾಳ ನೀರಾಗ ಕುದಿಸಿ, ಆ ನೀರು ಚೆಲ್ಲಿ ಪಲ್ಯ ಮಾಡ್ತೀನಿ, ಉಪ್ಪು ಚೂರ. ಮೊನ್ನೆ ಒಂದು ತುತ್ತು ಬಾಯಿಗೆ ಹಾಕ್ಕೊಂಡು "ಅರಿವಿ ಹಿಂಡಿದ ನೀರಿನಂಗ ಆಗ್ಯದ" ಅಂದ್ರು. ಅಂದು, ಇನ್ನೊಂದೀಟು ಹಾಕು ಅಂದ್ರು.