ಲಿಂಬೆಯಲ್ಲಿ ಬೆಂದ ಮೀನು

ಬೆಂಗಳೂರಿನಲ್ಲಿ ನೌಕರಿಗಿರುವ ಮಗಳು ಕಳೆದ ಮೇ ರಜೆಯಲ್ಲಿ ನನ್ನನ್ನೂ ನನ್ನಾಕೆಯನ್ನೂ ಇಂದಿರಾನಗರದ ಒಂದು ದೊಡ್ಡ ಹೋಟೆಲಿಗೆ ಊಟಕ್ಕೆ ಕರೆದೊಯ್ದಳು. ಪೆಸಿಫಿಕ್ ಸಾಗರದ ದ್ವೀಪಗಳ ಅಡುಗೆಯಂತೆ. ಹೋಟೆಲೂಟ ಎಂದರೆ ಅಂಕೋಲೆ ಪೇಟೆಯ ಮೀನೂಟದ ತಟ್ಟೆ ಎಂದೇ ತಿಳಿದ ನನಗೆ ಬಾಗಿಲಲ್ಲೇ ಫಜೀತಿ. ಒಳಗೆ ಮಂದ ಬೆಳಕು, ಬಿದಿರಿನ ಗೋಡೆ, ತಲೆಯ ಮೇಲೆ ತೆಂಗಿನ ಗರಿ. ನಮ್ಮೂರಲ್ಲಿ ಗರಿ ತೆಗೆದು ಹೆಂಚು ಹೊದಿಸಿದವನು ಸ್ಥಿತಿವಂತ. ಇಲ್ಲಿ ಕಾಂಕ್ರೀಟಿನ ಕೆಳಗೆ ಗರಿ ಹೊದಿಸಿದವನು ಸ್ಥಿತಿವಂತ.

ಮೆನು ಪುಸ್ತಕವನ್ನು ಕನ್ನಡಕ ಏರಿಸಿ ಇಳಿಸಿ ಓದಿದೆ. ಟಾರೋ ಎಂದರೆ ನಮ್ಮ ಕೆಸುವಿನ ಗಡ್ಡೆ. ಬಾಳೆಲೆಯಲ್ಲಿ ಸುತ್ತಿ ಸುಟ್ಟ ಮೀನು, ತೆಂಗಿನ ಹಾಲಿನ ಸಾರು ಗೊತ್ತಿದ್ದದ್ದೇ. ಬ್ರೆಡ್‌ಫ್ರೂಟ್ ಎಂಬುದು ಹಿತ್ತಲಿನ ನೀರುಹಲಸು. ಅದಕ್ಕೆ ದೀವಿಹಲಸು ಎಂಬ ಹೆಸರೂ ಇದೆ. ದೀವಿ ಎಂದರೆ ದ್ವೀಪವೇ. ಮಾಸ್ತರಿಕೆಯ ಚಟ, ಅದರ ಕಥೆ ಹೇಳದೆ ಬಿಡಲಿಲ್ಲ. ವೆಸ್ಟ್ ಇಂಡೀಸಿನ ತೋಟಗಳ ಗುಲಾಮರಿಗೆ ಅಗ್ಗದ ಆಹಾರವಾದೀತೆಂದು ತಾಹಿತಿ ದ್ವೀಪದಿಂದ ಅದರ ಸಸಿ ತರಲು ಇಂಗ್ಲೆಂಡಿನವರು 1787ರಲ್ಲಿ ಬ್ಲೈ ಎಂಬ ಕಪ್ತಾನನ ಕೈಗೆ ಬೌಂಟಿ ಹಡಗನ್ನು ಕೊಟ್ಟು ಕಳಿಸಿದರು. 1789ರಲ್ಲಿ ನಾವಿಕರು ದಂಗೆಯೆದ್ದು ಸಸಿಗಳನ್ನೆಲ್ಲ ಸಮುದ್ರಕ್ಕೆ ಎಸೆದರು. ಆತ ಹಟ ಬಿಡದೆ ಮತ್ತೊಂದು ಯಾತ್ರೆ ಮಾಡಿ 1793ರಲ್ಲಿ ತಲುಪಿಸಿದ. ಗುಲಾಮರಿಗೆ ಅಗ್ಗವೆಂದು ತಂದ ಕಾಯಿಯ ಆರು ಹೋಳಿಗೆ ಇಲ್ಲಿ ಹಾಕಿದ್ದ ದರ ನೋಡಿ ನನ್ನಾಕೆ ಮೆನುವನ್ನೇ ಮಡಚಿಟ್ಟಳು.

ಮಗಳು ತರಿಸಿದ್ದು ತಾಹಿತಿಯವರ ಪ್ರಸಿದ್ಧ ಖಾದ್ಯ: ಮೀನಿನ ಹೋಳು, ಲಿಂಬೆರಸ, ತೆಂಗಿನ ಹಾಲು, ಸೌತೆ, ಈರುಳ್ಳಿ. "ಬೆಂಕಿ ತಾಗಿಸಿಲ್ಲ ಸರ್, ಲಿಂಬೆಯಲ್ಲೇ ಬೆಂದಿದೆ" ಎಂದ ಬಡಿಸುವ ಹುಡುಗ. ನಾನು ಚಮಚ ಕೆಳಗಿಟ್ಟೆ. ಹುಟ್ಟಿದಂದಿನಿಂದ ಮೀನು ತಿಂದವನಾದರೂ ಹಸಿ ಮೀನು ಬೆಕ್ಕಿನ ಪಾಲು ಎಂದು ನಂಬಿದವನು. ಮಗಳು ಬಿಡಬೇಕಲ್ಲ! "ಬೆಂಕಿಯಿಲ್ಲದೆ ಹೇಗೆ ಬೇಯುತ್ತದೆ ಅಪ್ಪಾ?" ಎಂದಳು.

ತಿನ್ನುವುದಕ್ಕಿಂತ ಪಾಠ ಸುಲಭ. ಮೀನಿನ ಮಾಂಸದ ಪ್ರೋಟೀನು ಮಡಚಿ ಸುತ್ತಿಟ್ಟ ದಾರದ ಹಾಗೆ. ಬಿಸಿ ತಾಗಿದರೆ ಮಡಿಕೆ ಬಿಚ್ಚುತ್ತದೆ, ಬಿಚ್ಚಿದ ದಾರಗಳು ಒಂದಕ್ಕೊಂದು ಸಿಕ್ಕು ಬೀಳುತ್ತವೆ. ಆಗಲೇ ಗಾಜಿನಂತಿದ್ದ ಮಾಂಸ ಬೆಳ್ಳಗೆ, ಗಟ್ಟಿ ಆಗುವುದು. ಆಮ್ಲವೂ ಇದನ್ನೇ ಮಾಡುತ್ತದೆ. ಲಿಂಬೆರಸದ ಪಿಎಚ್ ಎರಡು, ಎರಡೂವರೆ ಇರುವುದರಿಂದ ಅರ್ಧ ಗಂಟೆಯಲ್ಲಿ ಹೋಳಿನ ಹೊರಮೈ ಬೆಳ್ಳಗಾಗಿಬಿಡುತ್ತದೆ...

ಅಷ್ಟರಲ್ಲಿ ಮಾತು ಗಂಟಲಲ್ಲೇ ನಿಂತಿತು. ಈ ಉತ್ತರವನ್ನು ನಾನು ಹಿಂದೆ ಓದಿದ್ದೆ, ಅದಕ್ಕೆ ಕೆಂಪು ಮಸಿಯಲ್ಲಿ ಅಡ್ಡಗೀಟು ಹಾಕಿದ್ದೆ.

1999ರ ಮಾತು. ಒಂಬತ್ತನೆಯ ಇಯತ್ತೆಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ, ಮನೆಯಲ್ಲಿ ಕಾಣುವ ರಾಸಾಯನಿಕ ಬದಲಾವಣೆಗೆ ಎರಡು ಉದಾಹರಣೆ ಕೇಳಿದ್ದೆ. ಕೇಣಿ ಕಡೆಯ ಒಬ್ಬ ಹುಡುಗಿ, ಮೀನುಗಾರರ ಮನೆಯವಳು, ಹಾಲು ಮೊಸರಾಗುವುದನ್ನು ಬರೆದು, ಕೆಳಗೆ "ಮೀನಿಗೆ ಲಿಂಬು ಹಿಂಡಿಟ್ಟರೆ ಒಲೆಗೆ ಹಾಕುವ ಮೊದಲೇ ಬೆಂದ ಹಾಗೆ ಬೆಳ್ಳಗಾಗುತ್ತದೆ" ಎಂದು ಬರೆದಿದ್ದಳು. ಪುಸ್ತಕದಲ್ಲಿ ಅದಿರಲಿಲ್ಲ. ಒಂದು ಅಂಕ ಕಳೆದೆ. ಕಳೆದು ಸುಮ್ಮನಿದ್ದರೂ ಆಗುತ್ತಿತ್ತು. ತರಗತಿಯಲ್ಲಿ ಗಟ್ಟಿಯಾಗಿ ಓದಿ, "ಇದು ವಿಜ್ಞಾನದ ಪರೀಕ್ಷೆ, ಅಡುಗೆಯದಲ್ಲ" ಎಂದೆ. ಎಲ್ಲರೂ ನಕ್ಕರು. ಅವಳು ತಲೆಯೆತ್ತಲಿಲ್ಲ. ಆಮೇಲೆ ವರ್ಷವಿಡೀ ನನ್ನ ತಾಸಿನಲ್ಲಿ ಕೈಯನ್ನೂ ಎತ್ತಲಿಲ್ಲ. ಅದನ್ನು ನಾನು ಗಮನಿಸಲೇ ಇಲ್ಲ ಎಂದರೆ ಸುಳ್ಳಾದೀತು.

ಇದು ನಿಜವಾಗಿ ರಾಸಾಯನಿಕ ಬದಲಾವಣೆಯೇ ಎಂದು ಪಂಡಿತರು ತಕರಾರು ತೆಗೆಯಬಹುದು. ಇಲ್ಲಿ ದಾರ ತುಂಡಾಗುವುದಿಲ್ಲ, ಮಡಿಕೆ ಬಿಚ್ಚುತ್ತದೆ ಅಷ್ಟೆ. ಆದರೆ ಮೊಟ್ಟೆ ಬೇಯುವುದೂ ಅದೇ ತಾನೆ? ಅದನ್ನು ಬರೆದ ಮಕ್ಕಳಿಗೆಲ್ಲ ಪೂರ್ತಿ ಅಂಕ ಕೊಟ್ಟಿದ್ದೆ.

ಓದುವ ಮಕ್ಕಳು ಇದನ್ನು ಮನೆಯಲ್ಲಿ ತಿಂದು ನೋಡಬೇಡಿ, ಹಿಂಡಿ ನೋಡಿ ಸಾಕು. ಬೆಳ್ಳಗಾದ ಮಾತ್ರಕ್ಕೆ ಒಳಗಿನ ಹುಳ, ರೋಗಾಣು ಸಾಯುವುದಿಲ್ಲ. ಅದಕ್ಕೆ ಬಿಸಿ ಬೇಕು. ಹಸಿಯಾಗಿ ಬಡಿಸುವವರು ಹುಳ ಸಾಯಲೆಂದು ಮೀನನ್ನು ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಏಳು ದಿನ ಇಡಬೇಕಾಗುತ್ತದೆ.

ಮಗಳು ಕಾಯುತ್ತಿದ್ದಳು. ಒಂದು ಹೋಳು ಬಾಯಿಗಿಟ್ಟೆ. ಹುಳಿ, ಆಮೇಲೆ ತೆಂಗಿನ ಸಿಹಿ, ಕೊನೆಗೆ ಸಮುದ್ರ. ಚೆನ್ನಾಗಿತ್ತು ಎಂದು ಒಪ್ಪಿಕೊಳ್ಳಬೇಕು. ನನ್ನಾಕೆ ಮಾತ್ರ ನೀರುಹಲಸಿಗೇ ಅಂಟಿಕೊಂಡಳು.

ಊರಿಗೆ ಬಂದ ಮೂರನೇ ದಿನ ಅಂಕೋಲೆಯ ಮೀನುಪೇಟೆಗೆ ಹೋದೆ. ಅವಳು ಅಲ್ಲಿ ಕೂತು ಮಾರುತ್ತಿರುವುದು ನನಗೆ ಹತ್ತು ವರ್ಷದಿಂದ ಗೊತ್ತು. ದಿನವೂ ಬೇರೆ ಸಾಲಿನಲ್ಲಿ ಕೊಳ್ಳುತ್ತಿದ್ದೆ. ಎದುರಿಗೆ ನಿಂತು ಆ ಉತ್ತರ, ಆ ಒಂದು ಅಂಕ, ಎಲ್ಲ ಹೇಳಿದೆ. ಸುತ್ತ ಗದ್ದಲ, ಎರಡು ಸಲ ಹೇಳಬೇಕಾಯಿತು.

"ಅದೆಲ್ಲ ನಂಗೆಲ್ಲಿ ನೆನಪು ಮಾಸ್ತರ್ರೇ" ಎಂದು ಅವಳು ಕತ್ತಿಯನ್ನು ನೀರಲ್ಲಿ ಅದ್ದಿದಳು. ಸ್ವಲ್ಪ ಹೊತ್ತು ಬಿಟ್ಟು, ತಲೆಯೆತ್ತದೆಯೇ, "ನಕ್ಕದ್ದು ನೆನಪದೆ" ಎಂದಳು.

ಅರ್ಧ ಕಿಲೋ ಇಸೋಣ ತೂಗಿ, ಮೇಲೊಂದು ತುಂಡು ಹಾಕಿ ಕಟ್ಟಿಕೊಟ್ಟಳು. ಆ ತುಂಡಿನ ದುಡ್ಡು ತೆಗೆದುಕೊಳ್ಳಲಿಲ್ಲ.