ಕುಣಿತದ ಮೈಮರೆವು

ಕುಣಿಯುವವನು ಮೈಮರೆಯುತ್ತಾನೆಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಆ ಮಾತು ಅರೆನಿಜವೆಂಬುದನ್ನು ನಮ್ಮ ಐದನೆಯ ತರಗತಿಯ ಹುಡುಗನೊಬ್ಬನು ನಮಗೆ ಕಲಿಸಿದನು.

ಶಾಲೆಯ ವಾರ್ಷಿಕೋತ್ಸವದ ಯಕ್ಷಗಾನಕ್ಕೆ ಅಭ್ಯಾಸ ನಡೆದಿತ್ತು. ಚೆಂಡೆಯ ಪೆಟ್ಟಿಗೆ ಸರಿಯಾಗಿ ಧೀಂಗಿಣ ಹಾಕುತ್ತಿದ್ದ ಅವನು ಯಾರೂ ಕಲಿಸದ ಒಂದು ತಿರುವನ್ನು ನಡುವೆ ತಾನಾಗಿ ತಂದನು. "ಕೈ ಮೇಲಿರಲಿ!" ಎಂದು ನಾವು ಕೂಗಿದೆವು. ಕೈ ಮೇಲೇರಿತು, ಹೆಜ್ಜೆ ತಪ್ಪಿತು. ಆ ತಿರುವು ಮತ್ತೆ ಬರಲೇ ಇಲ್ಲ. "ಹೇಗೆ ಮಾಡಿದ್ದೂಂತ ಗೊತ್ತಿಲ್ಲ ಮಾಷ್ಟ್ರೇ" ಎಂದನು.

ಮನೋವಿಜ್ಞಾನಿ ಮಿಹಾಯ್ ಚಿಕ್‌ಸೆಂಟ್‌ಮಿಹಾಯಿಯವರು 1975ರ ತಮ್ಮ ಗ್ರಂಥದಲ್ಲಿ ಚದುರಂಗದಾಟಗಾರರು, ಬಂಡೆ ಹತ್ತುವವರು, ಶಸ್ತ್ರವೈದ್ಯರು ಇವರೊಡನೆ ನರ್ತಕರ ಅನುಭವವನ್ನೂ ಪರಿಶೀಲಿಸಿ, ಇಂಥ ತಲ್ಲೀನತೆಯನ್ನು 'ಪ್ರವಾಹ'ವೆಂದು ಕರೆದರು. ಕೆಲಸವು ಕೌಶಲವನ್ನು ಮೀರಿದರೆ ಕಳವಳ, ಕೌಶಲಕ್ಕಿಂತ ಕೆಳಗಿಳಿದರೆ ಬೇಸರ. ಎರಡೂ ಸರಿದೂಗುವಲ್ಲಿ ಪ್ರವಾಹ. ಆಗ ಮರೆತುಹೋಗುವುದು ಮೈಯಲ್ಲ; ಮೈ ತಾಳದ ಒಂದೊಂದು ಪೆಟ್ಟನ್ನೂ ಬಲ್ಲದು. ಮರೆಯುವುದು, ತನ್ನನ್ನೇ ನೋಡಿ ತೂಗುವ 'ನಾನು' ಎಂಬುದು. ನಮ್ಮ ಕೂಗು ಅದನ್ನೇ ಎಚ್ಚರಿಸಿತು.

ಹೆಜ್ಜೆ ಕಲಿಯುವಾಗ ತಿದ್ದಲೇಬೇಕು, ಅಭ್ಯಾಸವಿಲ್ಲದವನಿಗೆ ಪ್ರವಾಹವೆಲ್ಲಿಯದು? ಆದರೆ ತಿದ್ದುವ ಹೊತ್ತು ಬೇರೆ. ಅಂದಿನಿಂದ ಕುಣಿತ ನಿಲ್ಲುವವರೆಗೆ ನಾವು ಬಾಯಿ ತೆರೆಯುವುದಿಲ್ಲ. ಆದರೂ ಆ ಹುಡುಗನು ಧೀಂಗಿಣಕ್ಕೆ ಮುನ್ನ ಇಂದಿಗೂ ಒಮ್ಮೆ ನಮ್ಮ ಕಡೆ ನೋಡುತ್ತಾನೆ.